ವಲ್ಲಿಯ ಕೆಳಗಿನ ಬೆರಳು

ದೊಡ್ಡಪ್ಪನ ಎಡಗಿವಿಯ ಮೇಲೆ, ಮೂರು ಬೆರಳಗಲದ ಜಾಗದಲ್ಲಿ ಮೂಳೆ ಇರಲಿಲ್ಲ. ಅಲ್ಲಿ ತಲೆ ಸಣ್ಣ ಬಟ್ಟಲಿನಂತೆ ತಗ್ಗಾಗಿತ್ತು. ತಗ್ಗಿನ ಸುತ್ತ ಹೊಲಿಗೆಯ ಗುರುತು. ಅದರೊಳಗೆ ಕೂದಲಿಲ್ಲದ ನುಣುಪು ಚರ್ಮ ಹಸುಗೂಸಿನ ನೆತ್ತಿಯ ಹಾಗೆ ಮಿಡಿಯುತ್ತಿತ್ತು. ಮೊದಲ ಸಲ ಅದನ್ನು ನೋಡಿದಾಗ ನನಗೆ ಹದಿಮೂರು ವರ್ಷ. ಕಣ್ಣು ಕೀಳಲಾಗಲಿಲ್ಲ. ಆ ಚರ್ಮದ ಕೆಳಗೆ ನೇರವಾಗಿ ಮೆದುಳೇ ಇದೆ, ನಡುವೆ ಬೇರೇನೂ ಇಲ್ಲ ಎಂಬುದು ಹೊಳೆದು ಒಂದು ಹೆಜ್ಜೆ ಹಿಂದೆ ಸರಿದೆ.

"ಹೆದರ್ಕೊಂಡ್ಯೇನವ್ವಾ? ಮದ್ರಾಸಿನ ಡಾಕ್ಟರು ಕಿಟಕಿ ಇಟ್ಟು ಕಳಿಸ್ಯಾರ. ಇನ್ನ ಗಾಳಿಗೇನು ಕಮ್ಮಿ ಇಲ್ಲ" ಎಂದು ನಕ್ಕರು.

ಅವರು ನನ್ನ ಅಪ್ಪನ ಅಣ್ಣ. ದಾವಣಗೆರೆಯ ಮಂಡಿಪೇಟೆಯಲ್ಲಿ ಇಬ್ಬರೂ ಸೇರಿ ಶೇಂಗಾ ದಲಾಲಿ ಅಂಗಡಿ ನಡೆಸುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ದೊಡ್ಡಪ್ಪ, ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ನಾನು ಅವರ ಕೈಯಲ್ಲೇ ಬೆಳೆದೆ. ಒಂದು ವರ್ಷ ದೊಡ್ಡಪ್ಪನಿಗೆ ತಲೆನೋವು, ವಾಂತಿ ಶುರುವಾಗಿ, ಕಣ್ಣು ಮಂಜಾಗುತ್ತ ಬಂತು. ತಲೆಯೊಳಗೆ ಗಡ್ಡೆ ಇದೆ ಎಂದರು. ಅಪ್ಪ ಅವರನ್ನು ಮದ್ರಾಸಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎರಡು ತಿಂಗಳಾದ ಮೇಲೆ ಗಡ್ಡೆಯೂ ಮೂಳೆಯೂ ಇಲ್ಲದೆ ದೊಡ್ಡಪ್ಪ ರೈಲಿಳಿದರು.

ತಲೆ ಕೊಯ್ಯಿಸಿಕೊಂಡು ಬದುಕಿ ಬಂದವರನ್ನು ನೋಡಲು ಸಾರಥಿ, ಕೊಕ್ಕನೂರು ಹಳ್ಳಿಗಳ ರೈತರು ಗಾಡಿ ಕಟ್ಟಿಕೊಂಡು ಬಂದರು. ದೊಡ್ಡಪ್ಪ ರುಮಾಲು ಸರಿಸಿ ತೋರಿಸುತ್ತಿದ್ದರು.

"ಒಳಗ ಏನಿತ್ತ್ರೀ ಸಾವ್ಕಾರ್ರ?" ಎಂದು ಒಬ್ಬ ಮುದುಕ ಕೇಳಿದ.

"ನಿನ್ನ ಶೇಂಗಾ ಚೀಲದಾಗ ಇರೋದೇ. ಅರ್ಧ ಹೊಟ್ಟು, ಅರ್ಧ ಮಣ್ಣು."

ಪಡಸಾಲೆಯೆಲ್ಲ ನಕ್ಕಿತು. ಬೇನೆ ಮದ್ರಾಸಿನಲ್ಲೇ ಉಳಿಯಿತು ಎಂದು ಎಲ್ಲರೂ ನಂಬಿದರು. ಉಳಿಯಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ಅಚ್ಚಿನ ಅಕ್ಷರ ನೋಡಿದರೆ ಅವರ ಕಣ್ಣು ನೋಯುತ್ತಿತ್ತು. ಅದಕ್ಕೆ ಶಾಲೆಯಿಂದ ಬಂದ ಮೇಲೆ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸವಾಯಿತು. ಓದುತ್ತ ಓದುತ್ತ ಕೆಲವನ್ನು ಗಮನಿಸಿದೆ. ಹಮಾಲರು ಚೀಲ ಎತ್ತುವಾಗ ಕೂಗಿದರೆ ದೊಡ್ಡಪ್ಪನ ಕಾಲಿನ ಹೆಬ್ಬೆರಳು ಮಡಚಿಕೊಳ್ಳುತ್ತಿತ್ತು. ಕಬ್ಬಿಣದ ಪಟ್ಟಿಯ ಗಾಡಿಚಕ್ರ ಬೀದಿಯ ಕಲ್ಲಿನ ಮೇಲೆ ಉರುಳಿದರೆ ಉಸಿರು ಹಿಡಿಯುತ್ತಿದ್ದರು. ಮಿಲ್ಲಿನ ಕೂಗಿಗೆ ಮೊದಲೇ ಸಿದ್ಧರಾಗಿ ಕಂಬಕ್ಕೆ ಬೆನ್ನು ಕೊಡುತ್ತಿದ್ದರು. ಮಂಡಕ್ಕಿ ಎಂದರೆ ಪ್ರಾಣ ಬಿಡುತ್ತಿದ್ದವರು ಗರಿಗರಿ ಮಂಡಕ್ಕಿಯನ್ನು ಬಿಟ್ಟೇಬಿಟ್ಟರು. ಅಗಿಯುವ ಸದ್ದು ತಲೆಯೊಳಗೇ ಆಗುತ್ತದೆ, ಅದರಿಂದ ತಪ್ಪಿಸಿಕೊಂಡು ಹೋಗಲು ಜಾಗವಿಲ್ಲ. ನೀರಲ್ಲಿ ನೆನೆಸಿ ಒಗ್ಗರಣೆ ಹಾಕಿದ್ದನ್ನಷ್ಟೇ ತಿನ್ನುತ್ತಿದ್ದರು. "ಹಲ್ಲು ಸಡ್ಲ ಆಗ್ಯಾವ" ಎಂದು ದೊಡ್ಡವ್ವನಿಗೆ ಹೇಳಿದ್ದರು.

ಒಂದು ಮಧ್ಯಾಹ್ನ ನಾನು ಓದು ನಿಲ್ಲಿಸಿ ಕೇಳಿದೆ: "ದೊಡ್ಡಪ್ಪಾ, ಬಾಳ ನೋಯ್ತೈತೇನು?"

ಅವರು ಹೆಗಲ ಮೇಲಿನ ವಲ್ಲಿಯನ್ನು ನನ್ನ ಕೈಮೇಲೆ ಹಾಸಿ, ಅದರಡಿ ನನ್ನ ಮೂರು ಬೆರಳನ್ನು ಹಿಡಿದು ಒತ್ತಿದರು.

ಮಂಡಿಯಲ್ಲಿ ವ್ಯಾಪಾರ ಹಾಗೆಯೇ ನಡೆಯುತ್ತಿತ್ತು. ದಲಾಲರು ಕೊಳ್ಳುವವರ ಕೈಮೇಲೆ ವಲ್ಲಿ ಹಾಕಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳುವರು. ಒಂದು ಬೆರಳಿಗೆ ಒಂದು, ಇಡೀ ಕೈಗೆ ಐದು. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣಬೇಕು. ಮುಖದಲ್ಲಿ ಏನೂ ಕಾಣಬಾರದು. ಅದರಲ್ಲಿ ದೊಡ್ಡಪ್ಪನದು ಎತ್ತಿದ ಕೈ.

ಅಂದಿನಿಂದ ದಿನವೂ ಪತ್ರಿಕೆಯ ಮಧ್ಯೆ ನಮ್ಮ ವ್ಯಾಪಾರ ನಡೆಯಿತು. ಎರಡು ಎಂದರೆ ಒಳ್ಳೆಯ ದಿನ. ನಾಲ್ಕು ಎಂದರೆ ನಾನು ಓದುವ ಬದಲು ತುಟಿ ಅಲ್ಲಾಡಿಸುತ್ತ ಕೂರುತ್ತಿದ್ದೆ, ಒಳಗಿದ್ದ ದೊಡ್ಡವ್ವನಿಗೆ ಅನುಮಾನ ಬರದಿರಲಿ ಎಂದು ಆಗಾಗ ಒಂದು ಸಾಲು ಗಟ್ಟಿಯಾಗಿ ಓದುತ್ತಿದ್ದೆ. ಐದು ಒಮ್ಮೆಯೂ ಬಂದಿರಲಿಲ್ಲ.

"ವಲ್ಲಿ ಕೆಳಗ ಆಗಿದ್ದನ್ನ ಮೂರನೇವ್ರಿಗೆ ಹೇಳಂಗಿಲ್ಲ, ತಿಳೀತಾ?" ಎಂದಿದ್ದರು. ಮೊದಲು ನನಗೆ ಹೆಮ್ಮೆಯಾಗಿತ್ತು. ಮುಚ್ಚಿಡುವುದಕ್ಕೆ ಕಾರಣ ತಿಳಿದ ಮೇಲೆ ಭಯ ಶುರುವಾಯಿತು. ನೋವು ಏರಿದರೆ, ಕೈಕಾಲಿನ ಶಕ್ತಿ ಕುಂದಿದರೆ ಒಂದು ದಿನವೂ ತಡಮಾಡದೆ ಕರೆತನ್ನಿ ಎಂದು ಮದ್ರಾಸಿನಲ್ಲಿ ಡಾಕ್ಟರು ಅಪ್ಪನಿಗೆ ಹೇಳಿ ಕಳಿಸಿದ್ದರು.

"ನಾ ಮಾತ್ರ ಹೋಗಂಗಿಲ್ಲವ್ವ" ಎಂದರು ದೊಡ್ಡಪ್ಪ. ಆಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. "ನನ್ನ ಬಾಜು ಮಂಚದಾಗ ಒಬ್ಬ ಹುಡುಗ ಮೇಷ್ಟ್ರು ಇದ್ದ. ಎರಡನೇ ಸಲ ಒಳಗ ಕರ್ಕೊಂಡು ಹೋದ್ರು. ಸಂಜಿಗೆ ಆ ಮಂಚಕ್ಕ ಹೊಸಾ ಚಾದರ ಹಾಸಿದ್ರು. ಅಷ್ಟೇ. ಯಾರೂ ಏನೂ ಹೇಳ್ಲಿಲ್ಲ."

ಆರು ತಿಂಗಳು ಹೀಗೆ ಕಳೆಯಿತು. ಆಮೇಲೆ ದೊಡ್ಡಪ್ಪನ ತಲೆಯ ತಗ್ಗು ತುಂಬಿಕೊಳ್ಳತೊಡಗಿತು.

ಮೊದಲು ನೋಡಿದವಳು ದೊಡ್ಡವ್ವ. ಎಣ್ಣೆ ಹಚ್ಚಲು ಕೂತವಳು ಸಂತೋಷದಿಂದ ಕೂಗಿಬಿಟ್ಟಳು: "ಅಯ್ಯ, ಗುಂಡಿ ತುಂಬಾಕತ್ತೈತೆ ನೋಡ್ರಿ! ತುಪ್ಪ ಹಾಕಿದ್ದು ಎಲ್ಲಿ ಹೋತು ಅಂದ್ಕೊಂಡಿದ್ದೆ!" ದಿನ ದಿನಕ್ಕೆ ಆ ಜಾಗ ಸಮವಾಗುತ್ತ ಬಂತು. ಅವಳು ತುಪ್ಪ ಹೆಚ್ಚಿಸಿದಳು. ಶೇಂಗಾ ಹೋಳಿಗೆ ಮಾಡಿ ಎದುರಿಗೆ ಕೂತು ತಿನ್ನಿಸಿದಳು. ಅಪ್ಪ ಅಂಗಡಿಗೆ ಬಂದವರಿಗೆ ಸಕ್ಕರೆ ಹಂಚಿದರು. ಸೋಮವಾರ ಸ್ವಾಮಿಗಳನ್ನು ಮನೆಗೆ ಕರೆಸಿ ಪಾದಪೂಜೆ ಮಾಡಿಸಿದರು. ಮಣೆಯ ಮೇಲೆ ಕೂತ ದೊಡ್ಡಪ್ಪ ಎಲ್ಲರಿಗೂ ಕೈಮುಗಿದು ನಗುತ್ತಿದ್ದರು. ಅಂದು ಮಧ್ಯಾಹ್ನ ವಲ್ಲಿಯ ಕೆಳಗೆ ಅವರು ನನ್ನ ನಾಲ್ಕು ಬೆರಳು ಹಿಡಿದರು. ಹಿಂದಿನ ವಾರವೆಲ್ಲ ನಾಲ್ಕೇ.

ತುಂಬಿಕೊಂಡ ಚರ್ಮ ಮಿಡಿಯುವುದನ್ನು ನಿಲ್ಲಿಸಿತ್ತು. ಗುಣವಾಗುತ್ತಿದ್ದರೆ ನೋವು ಏಕೆ ಏರುತ್ತಿದೆ? ಇದನ್ನು ಕೇಳಬಹುದಾದವರು ಒಬ್ಬರೂ ನನಗಿರಲಿಲ್ಲ.

ಮರುದಿನ ಓದುತ್ತಿದ್ದಾಗ ವಲ್ಲಿಯ ಕೆಳಗೆ ಅವರ ಕೈ ಬಂತು. ಎರಡು ಬೆರಳು. ತಲೆಯೆತ್ತಿ ನೋಡಿದೆ. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಹುಬ್ಬಿಗೆ ಇಳಿದಿತ್ತು.

"ಎರಡೇನು ದೊಡ್ಡಪ್ಪಾ?"

"ಯಾವ ಎರಡು? ಐದೂ ಹಿಡ್ದೀನಲ್ಲ."

ನಾನು ವಲ್ಲಿ ಎತ್ತಿದೆ. ಅವರ ಬಲಗೈ ನನ್ನ ಎರಡು ಬೆರಳನ್ನು ಸಡಿಲವಾಗಿ ಹಿಡಿದಿತ್ತು. ಉಳಿದ ಮೂರು ಹೊರಗಿದ್ದವು. ಮೂವತ್ತು ವರ್ಷ ಆ ಕೈ ಒಂದು ಬೆರಳು ಹೆಚ್ಚು ಕಡಿಮೆ ಹಿಡಿದಿರಲಿಲ್ಲ. ಅವರು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು.

"ಮುಚ್ಚು" ಎಂದರು. ಮುಚ್ಚಿದೆ. "ಹೇಳಬ್ಯಾಡ. ಹೇಳಿದ್ರ ನನ್ನ ಕೊಂದಂಗ."

ಎರಡು ದಿನ ನಾನು ಅನ್ನ ನುಂಗಿದ್ದು ನೆನಪಿಲ್ಲ. ಹೇಳಿದರೆ ಅವರನ್ನು ಆ ಹೊಸ ಚಾದರದ ಮಂಚಕ್ಕೆ ಕಳಿಸಿದ ಹಾಗೆ. ಹೇಳದಿದ್ದರೆ, ಹೋಳಿಗೆ ತಿನ್ನುತ್ತ, ನಗುತ್ತ, ನಮ್ಮೆಲ್ಲರ ಕಣ್ಣೆದುರೇ ಹೋಗಿಬಿಡುತ್ತಾರೆ. ತರಗತಿಯಲ್ಲಿ ಕರಿಹಲಗೆಯ ಮೇಲಿನ ಬೀಜಗಣಿತ ಅಲುಗಾಡುತ್ತಿತ್ತು. ಮೂರನೆಯ ದಿನ ಊಟದ ಬಿಡುವಿನಲ್ಲಿ ಎದ್ದು ನೇರ ಅಂಗಡಿಗೆ ಹೋದೆ. ದೊಡ್ಡ ಹುಡುಗಿಯಾದ ಮೇಲೆ ಅಂಗಡಿಯ ಮುಂಬಾಗಿಲಿಂದ ನಾನು ಒಳಗೆ ಹೋಗಿರಲಿಲ್ಲ. ಚೀಲಗಳ ನಡುವೆ ನಿಂತಿದ್ದ ಗಂಡಸರು ಮಾತು ನಿಲ್ಲಿಸಿದರು.

"ಅಪ್ಪಾ, ದೊಡ್ಡಪ್ಪನ ಬಲಗೈಗೆ ಬೆರಳು ಗೊತ್ತಾಗವಲ್ವು."

"ಯಾರು ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ತಲಿನೋವು ಹೋಗೇ ಇಲ್ಲಪ್ಪಾ. ಆರು ತಿಂಗಳಿಂದ ನನಗ ಗೊತ್ತೈತೆ."

ಅಪ್ಪ ಬೈಯಲಿಲ್ಲ. ಅವರ ಕೈಯಲ್ಲಿದ್ದ ಶೇಂಗಾ ಕಾಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನವೇ ರೈಲು ಹತ್ತಿಸಿದರು. ದೊಡ್ಡವ್ವ ಹೊಸ್ತಿಲಲ್ಲಿ ಕೂತು, "ಸಾವು ಉಬ್ಬಿ ಬಂದ್ರ ಪಾದಪೂಜಿ ಮಾಡಿಸಿದ್ವಲ್ಲೋ ಶಿವನೇ" ಎಂದು ಹಣೆ ಬಡಿದುಕೊಂಡಳು. ದೊಡ್ಡಪ್ಪ ಹೋಗುವಾಗ ನನ್ನ ಕಡೆ ನೋಡಲಿಲ್ಲ. ಐದು ವಾರ ಅಂಚೆಯವನ ಹೆಜ್ಜೆ ಕೇಳಿದರೆ ನಾನು ಹಿತ್ತಿಲಿಗೆ ಓಡುತ್ತಿದ್ದೆ. ಕಾಗದವನ್ನು ಬೇರೆಯವರು ಓದಿ, ಅಳು ಕೇಳಿಸಲಿಲ್ಲ ಎಂದು ಖಾತ್ರಿಯಾದ ಮೇಲೆ ಒಳಗೆ ಬರುತ್ತಿದ್ದೆ.

ಅವರು ಬಂದರು. ಒಳಗೆ ನೀರು ತುಂಬಿ ಮೆದುಳನ್ನು ಒತ್ತುತ್ತಿತ್ತಂತೆ, ತೆಗೆದಿದ್ದರು. ಇನ್ನು ಹತ್ತು ದಿನ ಹೋಗಿದ್ದರೆ ತಮ್ಮ ಕೈಯಲ್ಲಿರುತ್ತಿರಲಿಲ್ಲ ಎಂದರಂತೆ ಡಾಕ್ಟರು. ಕೈ ಬಹುಪಾಲು ಮರಳಿತು. ನೋವು ಮಾತ್ರ ಹೋಗುವುದಿಲ್ಲ, ಅದರ ಜೊತೆಗೇ ಬದುಕಬೇಕು ಎಂದು ಡಾಕ್ಟರು ಹೇಳಿದ್ದನ್ನು ಈ ಸಲ ಅಪ್ಪ ಎಲ್ಲರಿಗೂ ಬಿಡಿಸಿ ಹೇಳಿದರು.

"ನಿನ್ನ ಮ್ಯಾಲೆ ಸಿಟ್ಟಿಲ್ಲವ್ವ" ಎಂದರು ದೊಡ್ಡಪ್ಪ. "ಆದ್ರ ಮೊದ್ಲು ನಾನೊಬ್ನೇ ಹೆದರ್ತಿದ್ದೆ. ಈಗ ಮನಿಗೆ ಮನಿನೇ ಹೆದರ್ತೈತೆ."

ನಿಜವಾಗಿತ್ತು. ಮಂಡಿಪೇಟೆಯ ಗದ್ದಲ ಸಾಕೆಂದು ದೊಡ್ಡಪ್ಪ, ದೊಡ್ಡವ್ವ ಇಬ್ಬರೂ ಹರಿಹರದಲ್ಲಿ ಹೊಳೆಯ ಕಡೆಗಿದ್ದ ನಮ್ಮ ಸಣ್ಣ ಮನೆಗೆ ಹೋದರು. ದೊಡ್ಡವ್ವ ಬಾವಿಯ ಗಡಗಡಿಗೆ ಬಟ್ಟೆ ಸುತ್ತಿದಳು. ಹಿತ್ತಾಳೆ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿ ಮಣ್ಣಿನ ಗಡಿಗೆಗಳನ್ನು ಇಳಿಸಿದಳು. ಖಾರ ಕುಟ್ಟಲು ಎರಡು ಮನೆ ಆಚೆ ಹೋಗುತ್ತಿದ್ದಳು. ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವಳ ದನಿ ಪಿಸುಮಾತಿಗೆ ಇಳಿದು ಅಲ್ಲೇ ನಿಂತಿತು. ಪ್ರತಿ ಮುಂಜಾನೆ ಅವರು ಏಳುವ ಮೊದಲೇ ಬಗ್ಗಿ ತಲೆ ನೋಡುವಳು. "ಗುಂಡಿ ಐತೆ" ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುವಳು.

ಭಾನುವಾರ ನಾನು ರೈಲಿನಲ್ಲಿ ಹೋಗಿ ಪತ್ರಿಕೆ ಓದುತ್ತಿದ್ದೆ. "ಇವತ್ತು ಮೂರು", "ಇವತ್ತು ನಾಕು" ಎಂದು ಅವರು ಬಾಯಲ್ಲೇ ಹೇಳುತ್ತಿದ್ದರು, ದೊಡ್ಡವ್ವನಿಗೂ ಕೇಳುವ ಹಾಗೆ. ನನ್ನ ಕೈಯನ್ನು ವಲ್ಲಿಯ ಕೆಳಗೆ ಮತ್ತೆಂದೂ ತೆಗೆದುಕೊಳ್ಳಲಿಲ್ಲ. ಒಮ್ಮೆ ಮುರಿದ ಮೇಲೆ ಆ ವ್ಯಾಪಾರ ಇಲ್ಲ.

ಏಳು ವರ್ಷ ಹಾಗೆ ಬದುಕಿದರು. ಎಂ.ಎ.ಗೆಂದು ಮೈಸೂರಿಗೆ ಹೊರಟಾಗ ಹೇಳಿಬರಲು ಹೋಗಿದ್ದೆ. ಹೊಳೆಯ ಕಡೆಯ ಜಗುಲಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅಷ್ಟು ವರ್ಷ ಗಂಟಲಲ್ಲೇ ಇದ್ದುದನ್ನು ಕೇಳಿದೆ.

"ಅವತ್ತು ನಾ ಸುಮ್ನಿರಬೇಕಿತ್ತೇನು ದೊಡ್ಡಪ್ಪಾ?"

ವಲ್ಲಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ಅವತ್ತಿಂದ ದಿನಾ ಮುಂಜಾನೆ ತಲಿನೋವಿನಾಗ ಎದ್ದೀನಿ, ನಿನ್ನ ದೆಸಿಯಿಂದ" ಎಂದರು.

ನಾನು ತಲೆ ತಗ್ಗಿಸಿದೆ. ಅವರು ಒಂದು ಕಣ್ಣು ತೆರೆದು ನೋಡಿದರು.

"ಎದ್ದೀನಿ ಅಂತನೂ ಅಂದ್ನಲ್ಲ. ಅಷ್ಟು ಓದೀಯ, ಅದು ಕೇಳಿಸ್ಲಿಲ್ಲೇನು?"

ಮರುವರ್ಷ ಬೇಸಿಗೆಯಲ್ಲಿ ತಂತಿ ಬಂತು. ನಾವೆಲ್ಲ ಏಳು ವರ್ಷ ಅವರ ತಲೆಯನ್ನು ಕಾಯುತ್ತಿದ್ದೆವು. ಸಾವು ಎದೆಯಿಂದ ಬಂದಿತ್ತು. ಊಟ ಮಾಡಿ ಕೈ ತೊಳೆಯಲು ಎದ್ದವರು ಕುಸಿದರಂತೆ.

ನಾನು ಹರಿಹರಕ್ಕೆ ಬರುವಷ್ಟರಲ್ಲಿ ಅವರನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಮನೆ ತುಂಬ ಜನವಿದ್ದರೂ ಒಬ್ಬರೂ ಗಟ್ಟಿಯಾಗಿ ಅಳುತ್ತಿರಲಿಲ್ಲ. ದೊಡ್ಡವ್ವ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು. ಭಜನೆಯವರು ಬಂದರು. ಮೊದಲ ತಾಳ ಬಿದ್ದದ್ದೇ ಅವಳು ಬೆಚ್ಚಿ ಎದ್ದು ನಿಂತಳು.

"ಮೆಲ್ಲಕ ಬಾರಿಸ್ರಪ್ಪಾ" ಎಂದಳು, ಅದೇ ಪಿಸುದನಿಯಲ್ಲಿ. "ಅವ್ರಿಗೆ ತಲಿ ನೋಯ್ತೈತೆ."

ಭಜನೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನನ್ನತ್ತ ನೋಡಿದರು, ಓದಿದವಳು, ತಿಳಿಹೇಳಲಿ ಎಂಬಂತೆ. ನಾನು ದೊಡ್ಡವ್ವನ ಪಕ್ಕಕ್ಕೆ ಹೋಗಿ ನಿಂತೆ. ಅವರಲ್ಲಿ ಹಿರಿಯರು ತಾಳಗಳನ್ನು ಮಡಿಲಿಗೆ ಹಾಕಿಕೊಂಡರು. ಬರಿಯ ಬಾಯಲ್ಲಿ, ತಗ್ಗಿದ ದನಿಯಲ್ಲಿ ಪದ ಹೇಳುತ್ತ ದೊಡ್ಡಪ್ಪನನ್ನು ಎತ್ತಿಕೊಂಡು ಹೋದರು. ದೊಡ್ಡವ್ವ ನನ್ನ ತೋಳು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೀದಿಯ ತಿರುವು ದಾಟುವವರೆಗೂ ಯಾರೂ ತಾಳ ಬಾರಿಸಲಿಲ್ಲ.