ಹಿಂದೆ ಕೂತು ನೋಡಿದ ಗಾಡಿ

ನನ್ನ ಮೋಟಾರ್‌ಸೈಕಲ್ಲಿಗೆ ಈಗ ಹತ್ತೊಂಬತ್ತು ವರ್ಷ. ಮದುವೆಯಾದ ವರ್ಷ ಕೊಂಡದ್ದು. ಕೊಟ್ಟೂರಿನಲ್ಲಿ ಇಷ್ಟು ಹಳೆಯದಾಗಿಯೂ ಇಷ್ಟು ಹೊಳೆಯುವ ಗಾಡಿ ಇನ್ನೊಂದಿಲ್ಲವೆಂಬ ಜಂಬ ನನಗೆ. ವಾರಕ್ಕೊಮ್ಮೆ ತೊಳೆದು, ಡೀಸೆಲ್ ಬಟ್ಟೆಯಿಂದ ಸಂದಿಗೊಂದಿಯನ್ನೆಲ್ಲ ಒರೆಸುತ್ತಿದ್ದೆ. ಮೇಷ್ಟ್ರ ಕೆಲಸ ನನ್ನದು; ಮಕ್ಕಳ ಉಗುರು ನೋಡುವ ಕಣ್ಣಿನಿಂದಲೇ ಗಾಡಿಯನ್ನೂ ನೋಡುತ್ತಿದ್ದೆ.

ಉಜ್ಜಿನಿಯ ತವರಿಗೆ ಹೋಗುವಾಗ ದಾರಿಯುದ್ದಕ್ಕೂ ಹರಟುತ್ತಿದ್ದ ನನ್ನ ಹೆಂಡತಿ, ಎರಡು ವರ್ಷದಿಂದ ಹಿಂದಿನ ಕಂಬಿ ಹಿಡಿದು ಬಾಯಿ ಬಿಡದೆ ಕೂರತೊಡಗಿದ್ದಳು. ಏನೋ ಸಿಟ್ಟಿರಬೇಕು ಎಂದುಕೊಂಡು ನಾನೂ ಕೇಳಲಿಲ್ಲ. ಹೋದ ತಿಂಗಳು ಬಸ್ಸಿನಲ್ಲಿ ಹೋಗಿಬಂದವಳು ಹೇಳಿಯೇಬಿಟ್ಟಳು: “ಆ ಗಾಡಿ ಮ್ಯಾಲೆ ಇನ್ನ ನಾ ಕುಂದ್ರಂಗಿಲ್ಲ. ಸೊಂಟ ಹೋಗೈತಿ. ಮಾರಿಬಿಡ್ರಿ.”

“ನನಗೇನೂ ಆಗಿಲ್ಲಲ್ಲ,” ಎಂದೆ ನಾನು. ಸಿಟ್ಟಿನಲ್ಲೇ ಹಳೆ ಗಾಡಿ ಕೊಳ್ಳುವ ಹರಪನಹಳ್ಳಿಯ ಒಬ್ಬರಿಗೆ ಹೇಳಿಕಳಿಸಿದೆ. ಸೋಮವಾರ ಬಂದು ನೋಡುತ್ತೇವೆಂದರು. ಆಮೇಲೆ ಹೋಗಿ ಗಾಡಿಯನ್ನು ಮತ್ತೊಮ್ಮೆ ಒರೆಸಿದೆ.

ಮಾರುವ ಮೊದಲು ಒಮ್ಮೆ ತೋರಿಸೋಣವೆಂದು ಶನಿವಾರ ಶಾಲೆ ಬಿಟ್ಟ ಮೇಲೆ ಮೆಕ್ಯಾನಿಕ್ ಚಾಚಾ ಹತ್ತಿರ ಹೋದೆ. ಅವರದೊಂದು ಪದ್ಧತಿ. ದೂರು ಕೇಳುವುದಿಲ್ಲ, ಕೀಲಿ ಇಸಿದುಕೊಂಡು ತಾವೇ ಗಾಡಿ ಹತ್ತುತ್ತಾರೆ.

“ಹಿಂದ ಕುಂದ್ರಿ ಮೇಷ್ಟ್ರ.”

ಹತ್ತೊಂಬತ್ತು ವರ್ಷದಲ್ಲಿ ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಒಮ್ಮೆಯೂ ಕೂತಿರಲಿಲ್ಲ. ಕೂಡ್ಲಿಗಿ ರಸ್ತೆಯಲ್ಲಿ ಹೊರಟೆವು. ಗೇರ್ ಬದಲಿಸಿದಾಗಲೆಲ್ಲ ಯಾರೋ ಬೆನ್ನಿಗೆ ಗುದ್ದಿದ ಹಾಗೆ. ಹಂಪ್ ದಾಟಿದರೆ ಹಿಂದಿನ ಗಾಲಿ ಅತ್ತಿತ್ತ ಓಲಾಡಿ ಸೊಂಟಕ್ಕೇ ಪೆಟ್ಟು. ಏನೋ ಹೇಳಲು ಹೋಗಿ, ಕುಲುಕಾಟಕ್ಕೆ ನಾಲಿಗೆ ಕಚ್ಚಿಕೊಂಡೆ. ಆಮೇಲೆ ಹಲ್ಲು ಕಚ್ಚಿ, ಕಂಬಿ ಹಿಡಿದು ಸುಮ್ಮನೆ ಕೂತೆ. ಅವಳೂ ಹೀಗೆಯೇ ಕೂರುತ್ತಿದ್ದಳು. ಎಷ್ಟು ನಾಚಿಕೆಯಾಯಿತೆಂದರೆ, ಚಾಚಾ ಗಾಡಿ ನಿಲ್ಲಿಸಿದರೂ ಇಳಿಯುವುದನ್ನೇ ಮರೆತೆ.

ಹಿಂದಿನ ಗಾಲಿ ಬಿಚ್ಚಿದರು. ಒಳಗೆ ಗೇರಿನ ಗುದ್ದು ತಡೆಯುವ ನಾಲ್ಕು ಕಪ್ಲಿಂಗ್ ರಬ್ಬರು ಮುಟ್ಟಿದರೆ ಪುಡಿ. ಗಾಲಿಯ ತೋಳನ್ನು ಹಿಡಿದಿಡುವ ರಬ್ಬರ್ ಬುಷ್ ಮಾತ್ರ ನೆನೆದ ರೊಟ್ಟಿಯಂತೆ ಉಬ್ಬಿತ್ತು. ಚಾಚಾ ಅದನ್ನು ಮೂಸಿ ನೋಡಿದರು.

“ಅವಕ್ಕ ವಯಸ್ಸಾಗೈತಿ. ಇದಕ್ಕ ಡೀಸೆಲ್ ಕುಡಿಸ್ಯಾರ. ಯಾರ್ರಿ ಅದು?”

“ನಾನ ಚಾಚಾ. ಹೊಳೀಲಿ ಅಂತ…”

“ಅಚ್ಛಾ. ಪ್ರೀತಿಲೇ ಕೊಂದೀರಿ ಬಿಡ್ರಿ,” ಎಂದು ನಕ್ಕರು.

ಅವರು ಕೆಲಸ ಮಾಡುವುದನ್ನು ನೋಡುತ್ತಾ ನಿಂತೆ. ಹೊಸ ರಬ್ಬರನ್ನು ಒಂದೊಂದಾಗಿ ಬಾಗಿಸಿ, ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡ ಎರಡನ್ನು ಅಂಗಡಿಗೆ ವಾಪಸ್ ಕಳಿಸಿ ಬೇರೆ ತರಿಸಿದರು. ಎಣ್ಣೆ ಮುಟ್ಟಲಿಲ್ಲ, ಸಾಬೂನು ನೀರಿನಲ್ಲಿ ಬೆರಳದ್ದಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿದರು. ಬುಷ್ಷಿಗೂ ಸುತ್ತಿಗೆ ಏಟು ಬೀಳಲಿಲ್ಲ. ವೈಸ್‌ನ ಕಬ್ಬಿಣದ ದವಡೆಯಲ್ಲಿಟ್ಟು, ಹಿಡಿಯನ್ನು ಇಷ್ಟಿಷ್ಟೇ ತಿರುಗಿಸುತ್ತ, ನಡುನಡುವೆ ನಿಲ್ಲಿಸಿ ಬಗ್ಗಿ ನೋಡುತ್ತ ಒಳಗೆ ಇಳಿಸಿದರು. ಇಷ್ಟು ವರ್ಷ ಪಾಠ ಹೇಳಿದ ನನಗೆ ಆ ತಾಳ್ಮೆಯ ಕಾಲುಭಾಗವೂ ಬಂದಿಲ್ಲ.

ಮುಗಿದ ಮೇಲೆ ಓಡಿಸಿ ನೋಡಲು ಹೊರಟೆ. ಚಾಚಾ ತಡೆದರು. “ನೀವು ಹೇಳಿದ್ರ ಆಗಂಗಿಲ್ಲ. ಮನ್ಯಾಗಿನ ನಮ್ಮ ತಂಗಿನ ಕುಂದ್ರಿಸ್ಕೊಂಡು ಹೋಗ್ರಿ. ಅಕಿ ಹೇಳಿದ ಮ್ಯಾಲೆ ನನ್ನ ಕೆಲಸ ಮುಗೀತು.”

ಭಾನುವಾರ ಹೆಂಡತಿಯ ಮುಂದೆ ನಿಂತೆ. “ನಿನ್ನೆ ನಾನು ಹಿಂದ ಕುಂತಿದ್ದೆ. ಒಂದ ಮೈಲಿ. ನೀ ಎರಡ ವರ್ಷ ಹೆಂಗ ಕುಂತಿ?”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಚಪ್ಪಲಿ ಹುಡುಕಲು ಹೋದಳು.

ಉಜ್ಜಿನಿ ದಾರಿಯಲ್ಲಿ ಎರಡು ಹಂಪ್ ದಾಟಿದೆವು. ಹಿಂದಿನಿಂದ ಸದ್ದಿಲ್ಲ. ಮೂರನೆಯದನ್ನು ದಾಟಿದ ಮೇಲೆ ಕಂಬಿ ಬಿಟ್ಟ ಕೈ ನನ್ನ ಹೆಗಲಿಗೆ ಬಂತು.

“ಅಲ್ರಿ, ನಿಮಗ ಹೇಳೇ ಇಲ್ಲ. ನಮ್ಮ ತಮ್ಮ ಮನಿಗೆ ಹೊಸಾ ಬಾಗಿಲಾ ಇಡಿಸಿದ್ನಲ್ಲ…”

ಆ ಬಾಗಿಲಿನದು ಎರಡು ವರ್ಷದ ಹಿಂದಿನ ಮಾತು. ಹರಪನಹಳ್ಳಿಯವರಿಗೆ ಬರಬೇಡಿ ಎಂದು ಫೋನ್ ಮಾಡಬೇಕಿತ್ತು. ಮಾಡಿದರಾಯಿತು ಎಂದುಕೊಂಡು, ಉಜ್ಜಿನಿ ಬೇಗ ಬರದಿರಲೆಂದು ಗಾಡಿಯನ್ನು ನಿಧಾನ ಮಾಡಿದೆ.