ಎರಡು ಗಳಿಗೆ ಮೌನ, ಕೊನೆಯ ಒಂದು ಬಾಲ್

ಕೊಲ್ಕತ್ತಾದ ಕಸ್ಬಾದಲ್ಲಿ ಇನ್ನೂ ಇಷ್ಟೊಂದು ಮಾಲ್‌ಗಳು ಎದ್ದಿರದ ಚಳಿಗಾಲಗಳು ಅವು. ನಮ್ಮ ಓಣಿಯ ಕೊನೆಗೆ ಒಂದು ಖಾಲಿ ಮೈದಾನವಿತ್ತು. ಬೆಳಿಗ್ಗೆ ಅಲ್ಲಿ ಹೊಗೆಯಂಥ ಮಂಜು, ಮಧ್ಯಾಹ್ನ ಬಿಸಿಲು ಕಾಯಿಸುವವರ ಕಿತ್ತಳೆ ಸಿಪ್ಪೆಯ ವಾಸನೆ, ಸಂಜೆ ಕ್ರಿಕೆಟ್. ಡಿಸೆಂಬರ್ ಬಂತೆಂದರೆ ಕೆಳಗಿನ ಮನೆಯ ಬಂಗಾಳಿ ಮಾಶಿಮಾ ಈಚಲ ಮರದ ಹೊಸ ಬೆಲ್ಲ ಕರಗಿಸಿ ಪಾಯಸ ಮಾಡುತ್ತಿದ್ದರು. ಆ ಘಮ ಮೆಟ್ಟಿಲು ಹತ್ತಿ ಮೂರನೆಯ ಮಹಡಿಯ ನಮ್ಮ ಮನೆಯವರೆಗೂ ಬರುತ್ತಿತ್ತು.

ಅಪ್ಪ ಹೌರಾದಲ್ಲಿ ರೈಲ್ವೆ ನೌಕರ. ನಾವು ಬೆಳಗಾವಿ ಕಡೆಯ ಜೈನರು. ನನಗಾಗ ಹನ್ನೆರಡು ವರ್ಷ, ತಮ್ಮ ವರ್ಧಮಾನನಿಗೆ ಹತ್ತು. ಇಬ್ಬರೂ ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯಲ್ಲಿ ಅವನು ವರ್ಧ್ಯಾ, ಓಣಿಯ ಹುಡುಗರ ಬಾಯಲ್ಲಿ ಬೋರ್ಧೋ. ಅವನ ಕನ್ನಡದಲ್ಲಿ ಅರ್ಧ ಹಿಂದಿ ಇರುತ್ತಿತ್ತು, ಮತ್ತು ಆ ಬಾಯಿ ನಿದ್ದೆಯಲ್ಲಿ ಮಾತ್ರ ಮುಚ್ಚುತ್ತಿತ್ತು.

ಆ ಚಳಿಗಾಲ ಅಪ್ಪನ ಅಕ್ಕ, ನಮ್ಮ ಸುಮತಿ ಅತ್ತಿ, ನಮ್ಮಲ್ಲಿಗೆ ಬಂದಳು. ಮೂರು ವರ್ಷ ಅವಳು ಸನ್ಯಾಸಿನಿ ಮಾತಾಜಿಯವರ ಸಂಘದಲ್ಲಿದ್ದಳು. ದೀಕ್ಷೆಗೆಂದು ಹೊರಟಾಗ ಊರೇ ಮೆರವಣಿಗೆ ಮಾಡಿ ಕಳಿಸಿಕೊಟ್ಟಿತ್ತಂತೆ. ಆದರೆ ದಿನಕ್ಕೊಂದೇ ಊಟ ಅವಳ ಹೊಟ್ಟೆಗೆ ಒಗ್ಗಲಿಲ್ಲ. ಹುಣ್ಣಾಗಿ ರಕ್ತ ಕಾರಿಕೊಂಡಾಗ ಮಾತಾಜಿಯವರೇ, 'ಮನೆಗೆ ಹೋಗಮ್ಮಾ' ಎಂದು ಕಳಿಸಿಬಿಟ್ಟರು. ಮೆರವಣಿಗೆ ಮಾಡಿದ ಊರಿಗೆ ಯಾವ ಮುಖ ಹೊತ್ತು ಹೋಗುವುದು? ಯಾರೂ ಗುರುತು ಹಿಡಿಯದ ಕೊಲ್ಕತ್ತಾಕ್ಕೆ ಬಂದಳು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಇಷ್ಟೇ: ಬಿಳಿ ಸೀರೆಯ ಅತ್ತಿ ಮನೆ ಬಿಟ್ಟು ಹೊರಗೆ ಕಾಲಿಡುವುದಿಲ್ಲ. ಅವಳು ದೀಕ್ಷೆಗೆ ಹೋಗುವಾಗ ಬೇಡವೆಂದು ಜಗಳವಾಡಿದ್ದ ಅಪ್ಪ ಅವಳೊಡನೆ 'ಊಟ ಆತೇನು?' ಎಂಬುದನ್ನು ಬಿಟ್ಟು ಬೇರೆ ಮಾತಾಡುವುದಿಲ್ಲ.

ನಮಗಿಬ್ಬರಿಗೆ ಮಾತ್ರ ಮನೆಗೆ ಸರ್ಕಸ್ಸೇ ಬಂದಷ್ಟು ಸಂಭ್ರಮ! ಅತ್ತಿ ಅಡುಗೆಮನೆಯಿಂದ ಬಾಲ್ಕನಿಗೆ ಹೋಗುವಾಗಲೂ ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡೇ ನಡೆಯುತ್ತಿದ್ದಳು, ಇರುವೆ ಸಿಕ್ಕರೆ ದಾಟಿ ಹೋಗುತ್ತಿದ್ದಳು. ಒಂದು ತುತ್ತು ರೊಟ್ಟಿಯನ್ನು ಅದು ಹಾಲಾಗುವ ತನಕ ಅಗಿಯುತ್ತಿದ್ದಳು. ಸೂರ್ಯ ಇಳಿಯುವ ಹೊತ್ತಿಗೆ ಚಾಪೆ ಹಾಸಿ ಎರಡು ಗಳಿಗೆ, ಅಂದರೆ ಸರಿಯಾಗಿ ನಲವತ್ತೆಂಟು ನಿಮಿಷ, ಮಾತಿಲ್ಲದೆ ಸಾಮಾಯಿಕಕ್ಕೆ ಕೂಡುತ್ತಿದ್ದಳು. ವರ್ಧ್ಯಾ ಬಾಗಿಲ ಸಂದಿಯಿಂದ ಇಣುಕಿ, ಅವಳೇನಾದರೂ ನೆಲದಿಂದ ಮೇಲೇಳುತ್ತಾಳೋ ಎಂದು ಕಾಯುತ್ತಿದ್ದ.

ಒಂದು ದಿನ ಸಾಮಾಯಿಕ ಶುರುವಾಗುವ ಮೊದಲು ಅತ್ತಿ ಕಣ್ಣು ಮುಚ್ಚಿಕೊಂಡೇ, "ಸಂದ್ಯಾಗ ನಿಂತು ಏನ್ ನೋಡ್ತೀರಿ? ಒಳಗ ಬಂದು ಕೂಡ್ರಿ" ಎಂದಳು.

"ಇದು ಮಾತಾಜಿ ಲೋಗ್ ಮಾಡೋದು ಅಲ್ಲೇನು ಅತ್ತಿ?" ಎಂದ ವರ್ಧ್ಯಾ.

"ಅವರು ದಿನಾಪೂರ್ತಿ ಹಿಂಗ ಇರ್ತಾರ. ಮನ್ಯಾಗಿದ್ದವ್ರು ಎರಡು ಗಳಿಗಿ ಅವರಂಗ ಇರಬೇಕು, ಅಷ್ಟ. ಉಸರು ಬಂತು, ನೋಡು. ಹೋತು, ನೋಡು."

ಹದಿನೈದು ದಿನ ತಪ್ಪಿಸುವುದಿಲ್ಲವೆಂದು ಇಬ್ಬರೂ ನಿಯಮ ತೆಗೆದುಕೊಂಡೆವು. ಮೊದಲ ದಿನ ವರ್ಧ್ಯಾ ನಾಲ್ಕನೆಯ ನಿಮಿಷಕ್ಕೇ ಕಿಸಕ್ಕನೆ ನಕ್ಕ. ಐದನೆಯ ದಿನ ಕೂತಲ್ಲೇ ಗೊರಕೆ ಹೊಡೆದ. ಎಂಟನೆಯ ದಿನ ಏನೋ ಆಯಿತು. ಕೆಳಗಿನ ಮನೆಯಲ್ಲಿ ಸಾಸಿವೆ ಸಿಡಿಯುವುದು, ದೂರದ ಶಂಖ, ನನ್ನದೇ ಎದೆಯ ಬಡಿತ, ಒಂದೊಂದೂ ಬಿಡಿಬಿಡಿಯಾಗಿ ಕೇಳತೊಡಗಿತು. ಕಣ್ಣು ತೆರೆದರೆ ವರ್ಧ್ಯಾನೂ ಕಣ್ಣರಳಿಸಿಕೊಂಡು ನನ್ನನ್ನೇ ನೋಡುತ್ತಿದ್ದ. ಸಮಯ ಮುಗಿದದ್ದೇ, "ಅಕ್ಕಾ, ನಿನಗೂ ಕೇಳಿಸ್ತಾ?" ಎಂದು ಕುಣಿದುಬಿಟ್ಟ.

ಕೊನೆಯ ದಿನ ಭಾನುವಾರ. ಅದೇ ದಿನ ಪಕ್ಕದ ಪಾಡಾದ, ಅಂದರೆ ಪಕ್ಕದ ಕೇರಿಯ, ಹುಡುಗರೊಂದಿಗೆ ಟೆನಿಸ್ ಬಾಲ್ ಮ್ಯಾಚ್. ಶುರುವಾಗುವುದೇ ಮಧ್ಯಾಹ್ನ ಮೂರಕ್ಕೆ. ಅಂದರೆ ಸಾಮಾಯಿಕದ ಹೊತ್ತಿಗೆ ನಮ್ಮವರ ಬ್ಯಾಟಿಂಗ್! ವರ್ಧ್ಯಾ ಅಳುಮೋರೆ ಹಾಕಿಕೊಂಡು ಬಂದು ನಿಂತ.

"ಅತ್ತಿ, ಮ್ಯಾಚ್ ಬಿಡ್ಲಾ, ನಿಯಮ ಬಿಡ್ಲಾ?"

ಅತ್ತಿ ಹೇಳಿದಳು: "ಯಾವದೂ ಬಿಡಬ್ಯಾಡ. ಚಾಪಿ ಮ್ಯಾಲೇ ಆಗಬೇಕಂತ ಎಲ್ಲಿ ಐತಿ? ಬಾಯಿ ಮುಚ್ಚಿ ಆಡು. ಬಾಲ್ ಬಂತು, ನೋಡು. ಹೋತು, ನೋಡು. ನಾನೂ ಬಂದು ಅಲ್ಲೇ ಮಾಡ್ತೀನಿ."

ಅವ್ವ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. ಅತ್ತಿ ಹೊರಗೆ ಹೊರಟಿದ್ದು ಅದೇ ಮೊದಲು!

ನಾಲ್ಕೂವರೆಗೆ ಅತ್ತಿ ಬೌಂಡರಿಯಾಚೆ, ನಾನು ಸ್ಕೋರ್ ಬರೆಯುತ್ತಿದ್ದ ಕಡೆಯೇ, ಕಾಯೋತ್ಸರ್ಗದಲ್ಲಿ ನಿಂತಳು. ಎರಡೂ ಕೈ ಇಳಿಬಿಟ್ಟು, ಕಣ್ಣು ಅರ್ಧ ಮುಚ್ಚಿ, ಕಂಬದ ಹಾಗೆ. ಹುಡುಗರು ಆಟ ಮರೆತು ನೋಡಿದರು. ನಾನು ವರ್ಧ್ಯಾನಿಗೆ ಗಡಿಯಾರ ತೋರಿಸಿದೆ. ನಮ್ಮ ಬಾಯಿಗಳೂ ಮುಚ್ಚಿದವು.

ಯಾವಾಗಲೂ ಆತುರಕ್ಕೆ ಬಿದ್ದು ಮೊದಲ ಬಾಲಿಗೇ ಔಟಾಗುತ್ತಿದ್ದ ನನ್ನ ತಮ್ಮ ಅಂದು ಆಡಿದ ಆಟವನ್ನು ನಾನು ಮರೆಯಲಾರೆ. ಎದುರಾಳಿಗಳು ಬೈದರು, ಅಣಕಿಸಿದರು. ಅವನು ಬಾಲನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಇನ್ನೊಂದು ತುದಿಯಲ್ಲಿ ಒಬ್ಬೊಬ್ಬರೇ ಔಟಾಗಿ ಕೊನೆಗೆ ಬುಬಾಯ್ ಎಂಬ ಗೆಳೆಯ ಉಳಿದ. ಬೆಳಕು ಕಂದುತ್ತಿತ್ತು. ಹೌರಾದಿಂದ ಡ್ಯೂಟಿ ಮುಗಿಸಿ ಬಂದ ಅಪ್ಪ ಕೈಯಲ್ಲಿ ಟಿಫಿನ್ ಚೀಲ ಹಿಡಿದು ಅತ್ತಿಯ ಪಕ್ಕದಲ್ಲೇ ನಿಂತುಬಿಟ್ಟ. ಕೊನೆಯ ಬಾಲಿಗೆ ಬೇಕಾದದ್ದು ಎರಡು ರನ್.

ವರ್ಧ್ಯಾ ಹೊಡೆದ. ಬಾಲ್ ಇಬ್ಬರ ನಡುವೆ ನುಗ್ಗಿ ಹೋಯಿತು. ಒಂದು ರನ್ ಆಯಿತು. ಎರಡನೆಯದಕ್ಕೆ ಬುಬಾಯ್ ಆಗಲೇ ಅರ್ಧ ದಾರಿ ಬಂದಿದ್ದ. ನಮ್ಮವನು ನಿಂತೇ ಇದ್ದಾನೆ! ಬಾಲ್ ಹೋತು, ನೋಡು ಎಂದಿದ್ದಳಲ್ಲ, ಅದನ್ನೇ ನೋಡುತ್ತ! ನಾನು ನಾಲಗೆ ಕಚ್ಚಿಕೊಂಡೆ. ಅಷ್ಟರಲ್ಲಿ ನನ್ನ ಪಕ್ಕದ ಕಂಬ ಚಿಮ್ಮಿ ಮೇಲೆದ್ದಿತು.

"ಓಡೋ ವರ್ಧ್ಯಾ! ಏ ಹುಚ್ಚಪ್ಯಾಲಿ, ನಿಂತ್ಯಾಕ? ಓಡು! ಓಡೂ!"

ಬಿಳಿ ಸೀರೆಯ ನೆರಿಗೆ ಎತ್ತಿ ಹಿಡಿದು ಅತ್ತಿ ಕುಣಿಯುತ್ತಿದ್ದಳು. ವರ್ಧ್ಯಾ ಬೆಚ್ಚಿ ಓಡಿದ, ಮುಗ್ಗರಿಸಿದ, ಬ್ಯಾಟು ಮುಂದೆ ಚಾಚಿ ಮಣ್ಣಿನಲ್ಲಿ ಜಾರಿದ. ಮುಟ್ಟಿತು! ಗೆದ್ದೆವು! ಇಡೀ ಪಾಡಾ ಅವನನ್ನು ಹೆಗಲ ಮೇಲೆ ಹೊತ್ತು ಕಿರುಚುತ್ತಿದ್ದರೆ ಅವನು ಮಾತ್ರ ತುಟಿ ಬಿಗಿಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ನನ್ನ ಕಡೆ ನೋಡಿ ಮಣಿಕಟ್ಟು ತೋರಿಸಿದ. ಎಷ್ಟು ಉಳಿದಿದೆ? ನಾನು ಆರು ಬೆರಳು ಎತ್ತಿದೆ. ಆರು ನಿಮಿಷ!

ತಿರುಗಿ ನೋಡಿದರೆ ಅತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮನೆಯ ಕಡೆ ಓಡುತ್ತಿದ್ದಳು. ಅಪ್ಪ ಅವಳ ಹಿಂದೆ. ನಾನು ಅಪ್ಪನ ಹಿಂದೆ.

ಅತ್ತಿ ಕೋಣೆಯ ಮೂಲೆಯಲ್ಲಿ ಕುಸಿದು ಕೂತಿದ್ದಳು. "ಅಲ್ಲೂ ನನ್ನ ಕೈಲೆ ಆಗಲಿಲ್ಲ, ಇಲ್ಲೂ ಆಗಲಿಲ್ಲ ಭರತ್ಯಾ" ಎಂದು ಅಪ್ಪನೆದುರು ಬಿಕ್ಕಿದಳು.

ಅಪ್ಪ ಬೂಟನ್ನೂ ಬಿಚ್ಚದೆ ಬಾಗಿಲಲ್ಲಿ ನಿಂತಿದ್ದ. "ಅಕ್ಕಾ, ನನಗ ಬ್ಯಾಟ್ ಹಿಡಿಯೋದು ಕಲಿಸಿದಾಕಿ ನೀನ. ನಮ್ಮ ಓಣ್ಯಾಗ ಹಿಂಗ ಒದರ್ತಿದ್ದಿ. ನೀ ಹೋದಾಗ ಸಿಟ್ಟಾತು, ಬಂದಾಗೂ ಸಿಟ್ಟಿತ್ತು, ಯಾಕಂತ ನನಗ ತಿಳೀಲಿಲ್ಲ. ಇವತ್ತ ಆ ದನಿ ಕೇಳಿದ ಮ್ಯಾಲ ನಮ್ಮಕ್ಕ ಬಂದಾಳ ಅನಿಸ್ತು. ನೀ ಬಂದದ್ದು ಚಲೋ ಆತು."

ಅತ್ತಿ ಮುಖ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, ಮೂಗು ಸೊರಗುಟ್ಟಿಸುತ್ತ, ನಗತೊಡಗಿದಳು.

"ಮುರದದ್ದು ಮತ್ತ ಹಿಡೀಬೇಕು. ಬೂಟು ಬಿಚ್ಚು, ಕೂಡ್ರು."

ಅಪ್ಪ ಕೂತ. ಅವ್ವ ಗ್ಯಾಸ್ ಆರಿಸಿ ಬಂದು ಕೂತಳು. ಗೆದ್ದ ಸುದ್ದಿಯನ್ನು ಬಾಯಿ ತುಂಬ ತುಂಬಿಕೊಂಡು, "ಅತ್ತೀ!" ಎಂದು ಒದರುತ್ತ ಒಳಗೆ ನುಗ್ಗಿದ ವರ್ಧ್ಯಾ ನಮ್ಮನ್ನು ನೋಡಿ ಗಕ್ಕನೆ ನಿಂತ. ಮೈಯೆಲ್ಲ ಮಣ್ಣು. ಏನೂ ಕೇಳದೆ ಅಪ್ಪನ ಮಗ್ಗುಲಲ್ಲಿ ಕೂತ. ಅಂದು ನಾವು ಐದೂ ಜನ ಪೂರ್ತಿ ನಲವತ್ತೆಂಟು ನಿಮಿಷ ಕೂತೆವು.

ಬೇಸಿಗೆಗೆ ಅತ್ತಿ ಹುಬ್ಬಳ್ಳಿಗೆ ಹೋಗಿ ಹೆಣ್ಣುಮಕ್ಕಳ ವಸತಿಗೃಹವೊಂದರಲ್ಲಿ ಮೇಲ್ವಿಚಾರಕಿಯಾದಳು. ಎಷ್ಟೋ ಹುಡುಗಿಯರನ್ನು ಪರೀಕ್ಷೆಯ ದಿನಗಳಲ್ಲಿ ಎರಡು ಗಳಿಗೆ ಕೂಡಿಸಿದಳಂತೆ. ಈಗ ಅವಳಿಲ್ಲ, ಅಪ್ಪನೂ ಇಲ್ಲ. ಮೈದಾನವಿದ್ದಲ್ಲಿ ಐದಂತಸ್ತಿನ ಕಟ್ಟಡವಿದೆ.

ಕಳೆದ ಚಳಿಗಾಲ ವರ್ಧ್ಯಾ ಪುಣೆಯಿಂದ ಬಂದಿದ್ದ. ಇಬ್ಬರೂ ಆಟೋದಲ್ಲಿ ಸರೋವರದ ಪಕ್ಕದ ಸದರ್ನ್ ಅವೆನ್ಯೂ ಕಡೆ ಹೊರಟಿದ್ದೆವು. ಅವನ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು, ನನ್ನದೂ. ಇದ್ದಕ್ಕಿದ್ದಂತೆ ಎರಡನ್ನೂ ಆರಿಸಿ ನನ್ನ ಚೀಲದಲ್ಲಿ ಹಾಕಿದ, ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತ. ನಾನೂ ಕೂತೆ. ಹಾರ್ನುಗಳು, ಬಿಡಿಬಿಡಿಯಾಗಿ. ಸರೋವರದ ಗಾಳಿ. ಇಳಿಯುವ ಜಾಗ ಬಂದಾಗ ಏಳು ನಿಮಿಷವಾಗಿತ್ತು.

ಚೀಲದಿಂದ ಫೋನು ತೆಗೆದುಕೊಳ್ಳುತ್ತ ಅವನೆಂದ: "ಅಕ್ಕಾ, ಉಳಿದ ನಲವತ್ತೊಂದು ಎಲ್ಲಿ ಹೋದವು?"