ಅಕ್ಕನ ಇಸ್ತ್ರಿ ನಿಂತರೆ ಸೀನು ಪಾಸು

ಬೆಳಗಿನ ಐದು ಗಂಟೆ. ಇಸ್ತ್ರಿ ಅಂಗಡಿಯ ಷಟರ್ ಇನ್ನೂ ಅರ್ಧ ಮಾತ್ರ ಎದ್ದಿದೆ. ಒಳಗೆ ಒಬ್ಬ ಸಿನಿಮಾ ನಿರ್ದೇಶಕರು ಮಡಿಸಿಟ್ಟ ಚಾದರಗಳ ಮೇಲೆ ಲ್ಯಾಪ್‌ಟಾಪ್ ಕೂರಿಸಲು ಒದ್ದಾಡುತ್ತಿದ್ದಾರೆ. ಎತ್ತರ ಸಾಲದೆಂದು ಎರಡು ಚಾದರ ಸೇರಿಸುತ್ತಾರೆ, ಹೆಚ್ಚಾಯಿತೆಂದು ಒಂದನ್ನು ತೆಗೆಯುತ್ತಾರೆ. ಮೇಜಿನ ಆಚೆ ನಿಂತ ಅವರ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಕೆನ್ನೆಯ ಹತ್ತಿರ ಹಿಡಿದು ಕಾವು ನೋಡುತ್ತಾ, ತಮ್ಮನ ಸರ್ಕಸ್ಸನ್ನು ಕನ್ನಡಕದ ಮೇಲಿಂದ ಗಮನಿಸುತ್ತಿದ್ದಾರೆ. ಚಾದರ ಸುಕ್ಕಾದರೆ ನೀನೇ ಮತ್ತೆ ಉಜ್ಜಬೇಕು ಎಂದು ಎಚ್ಚರಿಕೆಯೂ ಕೊಡುತ್ತಾರೆ.

ಚಿತ್ರತಂಡದವರು ಈ ನಿರ್ದೇಶಕರನ್ನು ಕರೆಯುವುದು 'ಇಸ್ತ್ರಿ ಮೇಷ್ಟ್ರು' ಎಂದು. ವಯಸ್ಸು ಐವತ್ತೆಂಟು. ಇಪ್ಪತ್ತೇಳು ವರ್ಷ ಬೇರೆಯವರ ಸಿನಿಮಾಗಳಿಗೆ ಹಾಸ್ಯದ ಸೀನು ಬರೆದುಕೊಟ್ಟವರು. ನೀವು ಹೊಟ್ಟೆ ಹಿಡಿದುಕೊಂಡು ನಕ್ಕ ಎಷ್ಟೋ ಸೀನುಗಳು ಇವರವೇ. ಒಟ್ಟು ನಲವತ್ತಮೂರು ಸಿನಿಮಾ. ಅದರಲ್ಲಿ ಆರಕ್ಕೆ ಮಾತ್ರ ಹೆಸರು ಬಂದಿದೆ. ಅದೂ ಕೊನೆಯಲ್ಲಿ, ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಓಡುವ ಪಟ್ಟಿಯಲ್ಲಿ. ಸಿನಿಮಾ ಪುಟಕ್ಕೆ ಬರೆದೂ ಬರೆದೂ ಕೂದಲು ಹಣ್ಣಾದ ನಾನೂ ಈ ಪಾಪದಲ್ಲಿ ಪಾಲುದಾರ. ನಾನೂ ಯಾವಾಗಲೂ ಚಪ್ಪಲಿಯನ್ನೇ ಹುಡುಕಿದ್ದೇನೆ.

ಮೇಷ್ಟ್ರು ಬರೆಯುವ ಜಾಗ ಈ ಅಂಗಡಿಯ ಮೂಲೆಯ ಸ್ಟೂಲು. ಬರೆಯುವ ಹಾಳೆ, ಬಟ್ಟೆ ಕಟ್ಟಲು ತಂದ ಕಂದು ಕಾಗದ. ನಾಲ್ಕೂವರೆಗೆ ಎದ್ದು ಬಂದರೆ, ಅಂಗಡಿಗೆ ಗಿರಾಕಿಗಳು ಬರುವ ಹೊತ್ತಿಗೆ ಮೂರು ಹಾಳೆ ತುಂಬಿರಬೇಕು. ಒಮ್ಮೆ ಅವಸರದಲ್ಲಿ ಅರ್ಧ ಸೀನು ಬರೆದ ಕಾಗದದಲ್ಲೇ ಯಾರದೋ ಪ್ಯಾಂಟುಗಳನ್ನು ಕಟ್ಟಿ ಕಳಿಸಿದ್ದರಂತೆ. ಮರುದಿನ ಆ ಗಿರಾಕಿ ಮಡಿಕೆಯೂ ಬಿಚ್ಚದ ಪ್ಯಾಂಟನ್ನೇ ಮತ್ತೆ ಇಸ್ತ್ರಿಗೆ ತಂದು, ಮುಂದೇನಾಯಿತು ಎಂದು ಕೇಳಿದರಂತೆ.

ಬರೆದದ್ದನ್ನು ಮೊದಲು ಕೇಳುವವರು ಅಕ್ಕ. ವಯಸ್ಸು ಅರವತ್ತಾರು, ದಿನಕ್ಕೆ ನೂರಿಪ್ಪತ್ತು ಬಟ್ಟೆ ಉಜ್ಜುವ ಕೈ. ಸುಲಭಕ್ಕೆ ನಗುವವರಲ್ಲ. ತಮ್ಮ ಓದುತ್ತಾರೆ, ಅಕ್ಕ ಉಜ್ಜುತ್ತಾರೆ. ಇಸ್ತ್ರಿ ಓಡುತ್ತಲೇ ಇದ್ದರೆ ಸೀನು ಹರಿದು ಬುಟ್ಟಿಗೆ. ನಿಧಾನವಾದರೆ ತಿದ್ದಬೇಕು. ನಿಂತರೆ ಪಾಸು.

"ಬಾಯಿ ಪ್ರೀತಿಗೂ ನಗುತ್ತೆ ಸರ್," ಎನ್ನುತ್ತಾರೆ ಮೇಷ್ಟ್ರು. "ಕೈಗೆ ಪ್ರೀತಿ ಗೀತಿ ಗೊತ್ತಿಲ್ಲ, ಕೆಲಸ ಒಂದೇ ಗೊತ್ತು. ಅದು ಕೆಲಸ ಮರೆತ್ರೆ ಮಾತ್ರ ನಾನು ನಂಬ್ತೀನಿ."

ಮರೆತು ನಿಂತ ಇಸ್ತ್ರಿ ಮೂರು ಸಲ ಬಟ್ಟೆಯನ್ನೂ ಸುಟ್ಟಿದೆ. ಒಂದು ದಿಂಬಿನ ಚೀಲ, ಒಂದು ಶಾಲೆ ಚಡ್ಡಿ, ಒಬ್ಬ ವಕೀಲರ ಬಿಳಿ ಅಂಗಿ. ಮೂರೂ ಅಂಗಡಿಯ ಟ್ರಂಕಿನಲ್ಲಿ ಭದ್ರವಾಗಿವೆ, ಆ ಮೂರು ಸೀನುಗಳೂ ಊರೂರು ನಗಿಸಿವೆ. ಮೊದಲು ಹಾರಾಡಿದ್ದ ವಕೀಲರು ಸಿನಿಮಾ ನೋಡಿ ಬಂದ ಮೇಲೆ, ಅಂಗಿ ಹೋದದ್ದು ನ್ಯಾಯವೇ ಎಂದು ತೀರ್ಪು ಕೊಟ್ಟರಂತೆ.

ನಾಲ್ಕು ವರ್ಷದ ಹಿಂದಿನ ಒಂದು ಬೆಳಿಗ್ಗೆಯ ಮಾತು ಬಂದಾಗ ಮೇಷ್ಟ್ರ ದನಿ ಇಳಿಯುತ್ತದೆ. ಅವತ್ತು ಅವರು ಓದುತ್ತಿದ್ದರು. ನಗುವ ಜಾಗ ಇನ್ನೂ ಎರಡು ಸಾಲು ದೂರವಿತ್ತು, ಅಕ್ಕ ಆಗಲೇ ನಕ್ಕುಬಿಟ್ಟರು. ಇಸ್ತ್ರಿ ಮಾತ್ರ ಓಡುತ್ತಲೇ ಇತ್ತು. ಇನ್ನೊಂದು ಸೀನು ಓದಿದರು, ಹಾಗೇ ಆಯಿತು. ಅಕ್ಕನಿಗೆ ಕಿವಿ ಕೇಳಿಸುತ್ತಿರಲಿಲ್ಲ. ತಮ್ಮ ಬೇಜಾರು ಮಾಡಿಕೊಂಡಾನು ಎಂದು, ಎಷ್ಟೋ ದಿನದಿಂದ ಅವನ ಮುಖ ನೋಡಿ ಅಂದಾಜಿಗೆ ನಗುತ್ತಿದ್ದರು. ಆಮೇಲೆ ಕಿವಿಗೆ ಯಂತ್ರ ಬಂತು. ಅದು ಹಾಕಿಕೊಂಡರೆ ಜೇನುಗೂಡು ಕಟ್ಟಿದ ಹಾಗಾಗುತ್ತದೆಂದು ಅಕ್ಕ ಅದನ್ನು ಡ್ರಾಯರಿಗೆ ಹಾಕಿದರು. ಎದುರು ನಿಂತು ಬಿಡಿಸಿ ಬಿಡಿಸಿ ಹೇಳಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ.

"ಆದ್ರೆ ನಗೆಮಾತನ್ನ ಬಿಡಿಸಿ ಬಿಡಿಸಿ ಹೇಳಿದ್ರೆ ಅದು ಬುದ್ಧಿಮಾತು ಆಗ್ಬಿಡುತ್ತೆ," ಎನ್ನುತ್ತಾರೆ ಮೇಷ್ಟ್ರು. "ಒಂದು ತಿಂಗಳು ಪೆನ್ನು ಮುಟ್ಲಿಲ್ಲ. ಆಮೇಲೆ ಅನ್ನಿಸ್ತು, ಕೇಳಿಸೋಕೆ ಆಗಲ್ಲ ಅಂದ್ರೆ ತೋರಿಸ್ಬೇಕು ತಾನೆ? ತೋರಿಸೋದು ಬರೆಯೋನ ಕೈಲಿಲ್ಲ, ಡೈರೆಕ್ಟರ್ ಕೈಲಿದೆ."

ಹಾಗೆ ಹೊರಟ ಮನುಷ್ಯ ಮೂರು ವರ್ಷ ನಿರ್ಮಾಪಕರ ಬಾಗಿಲು ಬಡಿದರು. ಹನ್ನೊಂದು ಜನ ಕಥೆ ಕೇಳಿ ಬಿದ್ದು ಬಿದ್ದು ನಕ್ಕು, ಬರೆದುಕೊಡಿ, ನಿರ್ದೇಶನ ಬೇರೆಯವರಿಂದ ಮಾಡಿಸೋಣ ಎಂದರು. ಹನ್ನೆರಡನೆಯವರು ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಯ ಮಾಲೀಕರು. ಅವರು ನಗಲಿಲ್ಲ, ಆದರೆ ಒಪ್ಪಿದರು.

ಚಿತ್ರೀಕರಣದ ಮೊದಲ ದಿನವೇ ಎಡವಟ್ಟು. ಶಾಟ್ ಮುಗಿಯಿತು, ಮೇಷ್ಟ್ರು 'ಕಟ್' ಹೇಳಲಿಲ್ಲ. ಇಪ್ಪತ್ತೇಳು ವರ್ಷದ ಅಭ್ಯಾಸ, ಸೀನು ಮುಗಿದೊಡನೆ ಕತ್ತು ತಾನಾಗಿ ಎಡಕ್ಕೆ ತಿರುಗಿ ಇಸ್ತ್ರಿ ನಿಂತಿದೆಯಾ ಎಂದು ಹುಡುಕುತ್ತಿತ್ತು. ಅಲ್ಲಿದ್ದದ್ದು ಬರೀ ಗೋಡೆ. ಕ್ಯಾಮೆರಾ ಓಡುತ್ತಲೇ ಇತ್ತು, ನಟರು ಕಕ್ಕಾಬಿಕ್ಕಿಯಾಗಿ ನಿಂತೇ ಇದ್ದರು. ನಿರ್ದೇಶಕರು ಗೋಡೆ ನೋಡುತ್ತಾ ಏನೋ ಆಳವಾಗಿ ಯೋಚಿಸುತ್ತಾರೆ ಎಂಬ ಕೀರ್ತಿ ಅವತ್ತೇ ಬಂತು. ಅದನ್ನು ಅವರು ಇವತ್ತಿಗೂ ಅಲ್ಲಗಳೆದಿಲ್ಲ.

ಈಗ ಸಿನಿಮಾ ಮುಗಿದಿದೆ. ತಕರಾರಿರುವುದು ನಡುವಿನ ಏಳು ನಿಮಿಷದ ಸೀನಿನ ಬಗ್ಗೆ. ಅದರಲ್ಲಿ ಒಂದೇ ಒಂದು ಮಾತಿಲ್ಲ. ನಿಮ್ಮ ಮಾತು ನಂಬಿಯೇ ದುಡ್ಡು ಹಾಕಿದ್ದು, ಜನ ಎದ್ದು ಹೋಗುತ್ತಾರೆ, ಮಾತು ಬರೆದು ತುಂಬಿಸಿ ಎಂದು ನಿರ್ಮಾಪಕರ ಪಟ್ಟು. ಮೇಷ್ಟ್ರು ಅವರಿಗೆ ಇಸ್ತ್ರಿಯ ನಿಯಮ ವಿವರಿಸಿ ಒಂದು ಬೆಳಿಗ್ಗೆಯ ಗಡುವು ಕೇಳಿದ್ದಾರೆ. ಅಕ್ಕನ ಕೈ ನಿಲ್ಲದಿದ್ದರೆ ಮಾತು ಬರೆಯುವುದಾಗಿ ಒಪ್ಪಿದ್ದಾರೆ. ಆ ಬೆಳಿಗ್ಗೆ ಇದೇ. ಇದೊಂದು ಪರೀಕ್ಷೆ ಎಂದು ಅಕ್ಕನಿಗೆ ಗೊತ್ತಿಲ್ಲ. ಬಟ್ಟೆಯ ರಾಶಿಯ ಮೇಲೆ ಮೇಷ್ಟ್ರು ತಮ್ಮದೇ ಹೊಸ ಬಿಳಿ ಅಂಗಿ ಇಟ್ಟಿದ್ದಾರೆ. ಬಿಡುಗಡೆಯ ದಿನಕ್ಕೆಂದು ಹೊಲಿಸಿದ್ದು. ಕಂಡವರ ಅಂಗಿಯನ್ನು ಪಣಕ್ಕಿಡಬಾರದು ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ.

ಲ್ಯಾಪ್‌ಟಾಪಿನಲ್ಲಿ ಸೀನು ಶುರುವಾಗುತ್ತದೆ. ಕೆಲಸದ ಸಂದರ್ಶನಕ್ಕೆ ಹೊರಟವನೊಬ್ಬ ಇರುವ ಒಂದೇ ಅಂಗಿಯನ್ನು ಇಸ್ತ್ರಿಗೆ ಕೊಟ್ಟು, ಬನಿಯನ್ನಿನಲ್ಲಿ ಕಾಯುತ್ತಿದ್ದಾನೆ. ಅಂಗಡಿಯವನು ಆಚೆ ಹೋಗುತ್ತಾನೆ. ಬಂದ ಗಿರಾಕಿಗಳೆಲ್ಲ ಇವನೇ ಇಸ್ತ್ರಿಯವನೆಂದು ಬಟ್ಟೆ ಕೈಗಿಟ್ಟು ಹೋಗುತ್ತಾರೆ. ಬೇಡವೆಂದು ಕೈಯಾಡಿಸಿ ಸಾಕಾಗಿ, ಅವನು ಉಜ್ಜಲು ನಿಲ್ಲುತ್ತಾನೆ.

ಎರಡು ನಿಮಿಷ ಕಳೆಯಿತು. ಅಕ್ಕನ ಮುಖದಲ್ಲಿ ಮುಗುಳ್ನಗೆ ಇದೆ, ಇಸ್ತ್ರಿ ಓಡುತ್ತಿದೆ. ಮೇಷ್ಟ್ರು ಉಗುರು ಕಚ್ಚುತ್ತಿದ್ದಾರೆ. ಮೂರು ನಿಮಿಷ. ಇಸ್ತ್ರಿ ಓಡುತ್ತಿದೆ.

ಪರದೆಯ ಮೇಲೆ ಬನಿಯನ್ನಿನವನಿಗೆ ಕೆಲಸ ಒಗ್ಗಿದೆ. ಇಸ್ತ್ರಿಯನ್ನು ಕೆನ್ನೆಯ ಹತ್ತಿರ ಹಿಡಿದು ಕಾವು ನೋಡುತ್ತಾನೆ. ಬೆರಳಲ್ಲಿ ನೀರು ಚಿಮುಕಿಸುತ್ತಾನೆ. ಅವಸರ ಮಾಡಿದ ಗಿರಾಕಿಯೊಬ್ಬನನ್ನು ಕನ್ನಡಕದ ಮೇಲಿಂದ ಒಂದು ನೋಟ ನೋಡುತ್ತಾನೆ, ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಆಮೇಲೆ ತನ್ನದೇ ಅಂಗಿಯನ್ನು ಗರಿಗರಿಯಾಗಿ ಉಜ್ಜಿ, ಕಾಗದದಲ್ಲಿ ಕಟ್ಟಿ, ಯಾರಿಗೋ ಕೊಟ್ಟು ನಮಸ್ಕಾರ ಮಾಡಿ ಕಳಿಸುತ್ತಾನೆ.

"ಲೋ, ಇದು ನಾನಲ್ವೇನೋ?"

ಅಕ್ಕನ ಹೆಗಲು ಕುಲುಕುತ್ತಿದೆ. ನಗು ಬಾಯಿಗೆ ಬರುವ ಮೊದಲೇ ಕಣ್ಣಲ್ಲಿ ನೀರು ಬಂದಿದೆ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತಾರೆ, ಮತ್ತೆ ನಗುತ್ತಾರೆ. ಸುಟ್ಟ ವಾಸನೆ ಮೂವರಲ್ಲಿ ಮೊದಲು ನನಗೆ ಬಡಿಯುತ್ತದೆ, ಆದರೆ ನಾನು ಬಾಯಿ ಬಿಡುವುದಿಲ್ಲ. ಕೊನೆಗೆ ಅಕ್ಕನೇ ಗಾಬರಿಯಿಂದ ಇಸ್ತ್ರಿ ಎತ್ತುತ್ತಾರೆ. ಅಂಗಿಯ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಅಚ್ಚು ಕಂದು ಬಣ್ಣದಲ್ಲಿ ಕೂತಿದೆ.

ಕೆಲಸದ ಹೊತ್ತಲ್ಲಿ ಇಂಥದ್ದೆಲ್ಲ ತರಬೇಡ ಎಂದು ತಮ್ಮನಿಗೆ ಬೈಗುಳವಾಗುತ್ತದೆ. ಬೈದು ಮುಗಿದ ಮೇಲೆ ಅಕ್ಕ ಇಸ್ತ್ರಿಯ ಸ್ವಿಚ್ಚು ಆರಿಸುತ್ತಾರೆ. ಇಷ್ಟು ವರ್ಷದಲ್ಲಿ ಬೆಳಗಿನ ಹೊತ್ತು ಅದು ಆರಿದ್ದು ಇದೇ ಮೊದಲಂತೆ. ಸ್ಟೂಲು ಎಳೆದುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತಾರೆ.

"ಇನ್ನೊಂದ್ಸಲ ಹಾಕು."

ಮೇಷ್ಟ್ರು ಸೀನು ಹಾಕಿಕೊಟ್ಟು, ಷಟರ್ ಕೆಳಗೆ ಬಗ್ಗಿ ಬೀದಿಗೆ ಬರುತ್ತಾರೆ. ಒಳಗಿನಿಂದ ಅಕ್ಕನ ನಗು ಕೇಳಿಸುತ್ತಿದೆ. ಅವರು ಮೂಗೊರೆಸಿಕೊಂಡು ನಿರ್ಮಾಪಕರಿಗೆ ಫೋನು ಹಚ್ಚುತ್ತಾರೆ.

"ಮಾತು ಬರೆಯಲ್ಲ ಸರ್. ಅಂಗಿ ಸುಟ್ಟಿದೆ."

ಆ ಕಡೆಯಿಂದ ಏನೋ ಪ್ರಶ್ನೆ.

"ನಂದೇ ಸರ್. ಬಿಡುಗಡೆ ದಿನ ಅದನ್ನೇ ಹಾಕ್ಕೊಂಡು ಬರ್ತೀನಿ."